ಬಾಯಿಗೆ ಟವೆಲ್ ಕಟ್ಟಿದರೆ ಸಾಕೇ?

ಸ್ಕ್ರೋಲ್ ಸಾ ಎಂಬ ಯಂತ್ರದ ಮುಂದೆ ಕೂತು ದುಡಿಯುವ ಸಹೋದರರಿಗೆ ಈ ಸಲ ನಾವು ಒಂದು ಮಾತು ಹೇಳಬೇಕಾಗಿದೆ. ಅವರಿಗಿಂತ ಹೆಚ್ಚಾಗಿ ಕೇಳಬೇಕಾದವರು ಶೆಡ್ಡಿನ ಯಜಮಾನರು. ಆದರೆ ನಮ್ಮ ಪತ್ರಿಕೆ ಅವರ ಮೇಜಿಗೆ ಹೋಗುವುದು ಅಪರೂಪ, ಓದಿದವರೇ ಮುಟ್ಟಿಸಬೇಕು.

ಈ ಯಂತ್ರವನ್ನು ಕಾಣದವರಿಗಾಗಿ ಎರಡು ಮಾತು. ಹೊಲಿಗೆ ಮಿಷನ್ನಿನ ಸೂಜಿಯಂತೆ ಮೇಲೆ ಕೆಳಗೆ ಆಡುವ ಸಣ್ಣ ಅಲಗು, ಅದರ ಸುತ್ತ ಒಂದು ಪುಟ್ಟ ಕಬ್ಬಿಣದ ಮೇಜು. ಹಲಗೆಯನ್ನು ಎರಡೂ ಕೈಯಿಂದ ತಿರುಗಿಸುತ್ತ, ಬರೆದ ಗೆರೆ ಹಿಡಿದು ಕೊಯ್ಯಬೇಕು. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸದವರು ಕೈಯಲ್ಲಿ ಫ್ರೆಟ್ ಸಾ ಹಿಡಿದು ಮಾಡುವುದನ್ನೇ ಇದು ಕರೆಂಟಿನಿಂದ ಮಾಡುತ್ತದೆ. ಹೊಸೂರಿನ ಹೊರವಲಯದಲ್ಲಿರುವ ನಮ್ಮ ಶೆಡ್ಡಿನಲ್ಲಿ ಇಂಥವು ಎರಡಿವೆ. ಮನೆಬಾಗಿಲಿನ ಹೆಸರಿನ ಹಲಗೆ, ದೇವರ ಮನೆಯ ಜಾಲರಿ, ಮಕ್ಕಳು ಜೋಡಿಸುವ ಆಟಿಕೆ ಇವು ನಮ್ಮ ಕೆಲಸ. ದುಡಿಯುವವರು ನಾಲ್ಕು ಜನ. ಮೂವರು ಕನ್ನಡದವರು, ಒಬ್ಬ ತೆಲುಗಿನವನು, ಲೆಕ್ಕ ಬರೆಯುವುದು ತಮಿಳಿನಲ್ಲಿ.

ಬೆರಳು ಹೋಗುವ ಭಯ ಕಡಿಮೆ ಇರುವುದರಿಂದ ಇದಕ್ಕೆ ಸಾಧು ಯಂತ್ರವೆಂದು ಹೆಸರು. ಹೊಸದಾಗಿ ಬಂದ ಹುಡುಗರನ್ನು ಮೊದಲು ಕೂರಿಸುವುದು ಇದರ ಮುಂದೆಯೇ. ಆದರೆ ಗೆರೆ ಕಾಣಬೇಕೆಂದು ಕೂತವನು ಮುಖವನ್ನು ಅಲಗಿಗೆ ಒಂದಡಿ ಹತ್ತಿರಕ್ಕೆ ತರುತ್ತಾನೆ. ಗೆರೆಯ ಮೇಲೆ ಬಿದ್ದ ಪುಡಿಯನ್ನು ಹಾರಿಸಲು ಯಂತ್ರದಲ್ಲೇ ಒಂದು ಸಣ್ಣ ಊದುಕೊಳವೆ ಇದೆ. ಅದು ಊದಿದ ಪುಡಿ ಎಲ್ಲಿಗೆ ಹೋಗುತ್ತದೆ? ಬಗ್ಗಿ ಕೂತವನ ಮೂಗಿಗೆ. ಇದನ್ನು ಮಾಡಿದವರು ಗೆರೆಯನ್ನು ನೆನೆದರು, ಗೆರೆ ನೋಡುವವನನ್ನು ಮರೆತರು.

ಹಿಂದಿನ ಮಳೆಗಾಲದಲ್ಲಿ, ಕಿಟಕಿ ಬಾಗಿಲು ಮುಚ್ಚಿ ಕೆಲಸ ನಡೆಯುತ್ತಿದ್ದಾಗ, ನಮ್ಮ ಹುಡುಗನೊಬ್ಬನಿಗೆ ಕೆಮ್ಮು ಹಿಡಿಯಿತು. ವಯಸ್ಸು ಹತ್ತೊಂಬತ್ತು. ಭಾನುವಾರ ಆರಾಮವಾಗಿರುತ್ತಿದ್ದ, ಸೋಮವಾರ ಸಂಜೆಗೆ ಎದೆಯಲ್ಲಿ ಸಿಳ್ಳೆ. ಅವನ ತಾಯಿ ಶೆಡ್ಡಿಗೆ ಬಂದು, "ಅಣ್ಣಾ, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರ್ತಾನೆ, ಮಲಗಕ್ಕೇ ಆಗ್ತಿಲ್ಲ ಅವನಿಗೆ" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅಷ್ಟು ದಿನ ನಾವು ಅವನಿಗೆ ಹೇಳಿದ್ದು "ಬಾಯಿಗೆ ಟವೆಲ್ ಕಟ್ಕೊಳ್ಳೋ" ಎಂಬ ಒಂದೇ ಮಾತು.

ನಮ್ಮ ಮೇಸ್ತ್ರಿಯವರು ಹಿರಿಯರು, ಕೈಗುಣದವರು. ಅವರ ಮೇಲೆ ನಮಗೆ ಗೌರವವಿದೆ. "ನಮ್ಮಪ್ಪ, ನಮ್ಮಜ್ಜ ಎಲ್ಲಾ ಈ ಹೊಟ್ಟಿನಲ್ಲೇ ಬದುಕಲಿಲ್ವೇನಪ್ಪ?" ಎಂದು ಅವರು ಕೇಳಿದರು. ಬದುಕಿದರು, ನಿಜ. ಆದರೆ ಅವರ ಉಳಿ ಎಬ್ಬಿಸುತ್ತಿದ್ದುದು ಚಕ್ಕೆ, ತೋಪಡ ಎಬ್ಬಿಸುತ್ತಿದ್ದುದು ಸುರುಳಿ, ಕೈಗರಗಸ ಬೀಳಿಸುತ್ತಿದ್ದುದು ದಪ್ಪ ಹೊಟ್ಟು. ಅದು ಕಾಲಬುಡದಲ್ಲೇ ಬೀಳುತ್ತಿತ್ತು. ಇಂದಿನ ಸಣ್ಣ ಹಲ್ಲಿನ ಅಲಗು, ಉಜ್ಜುವ ಯಂತ್ರ ಇವು ಹಿಟ್ಟು ಮಾಡುತ್ತವೆ. ತಲೆಕೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಈ ಹಿಟ್ಟಿನಲ್ಲಿ ೧೦ ಮೈಕ್ರಾನಿಗೂ ಕಡಿಮೆಯ ಕಣಗಳಿವೆ. ಅವು ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ, ಟವೆಲಿನ ನೂಲುಗಳ ನಡುವೆ ಸಲೀಸಾಗಿ ನುಸುಳುತ್ತವೆ. ಇನ್ನು ಅಜ್ಜನ ಕಾಲದಲ್ಲಿ ಇಲ್ಲದ ಎಂಡಿಎಫ್ ಹಲಗೆ ಇದೆ. ಅದನ್ನು ಅಂಟಿಸುವ ರಾಳದಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ.

ಇಂಗ್ಲೆಂಡಿನಲ್ಲಿ ಹೈ ವಿಕಂಬ್ ಎಂಬುದು ಹಿಂದೆ ಕುರ್ಚಿ ಮಾಡುತ್ತಿದ್ದ ಊರು. ೧೯೬೦ರ ದಶಕದಲ್ಲಿ ಅಲ್ಲಿನ ಕಿವಿ-ಮೂಗು-ಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಅವರು, ಮೂಗಿನ ಒಳಗೆ ಅಪರೂಪದ ಒಂದು ಕ್ಯಾನ್ಸರ್ ಆಗಿ ಬರುವವರಲ್ಲಿ ಮರದ ಸಾಮಾನು ಮಾಡುವವರೇ ಹೆಚ್ಚಾಗಿರುವುದನ್ನು ಗಮನಿಸಿದರು. ಮುಂದೆ ಬೇರೆ ದೇಶಗಳಲ್ಲೂ ಅದೇ ಕಂಡುಬಂತು. ೧೯೯೫ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂಬ ಮೊದಲನೆಯ ಗುಂಪಿಗೆ ಸೇರಿಸಿತು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಧೂಳಿನಲ್ಲಿ ಕೆಲಸ ಮಾಡಿದವರಿಗೆಲ್ಲ ಆ ರೋಗ ಬರುವುದಿಲ್ಲ. ಕೆಮ್ಮು, ಉಬ್ಬಸ, ಬೀಟೆ ಮತ್ತು ತೇಗದ ಪುಡಿಯಿಂದ ಚರ್ಮದ ತುರಿಕೆ ಇವೇ ಹೆಚ್ಚು. ಅವು ಸಾಲದೇ?

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳುತ್ತಾರೆ. ೧೯೪೮ರ ಕಾರ್ಖಾನೆ ಕಾಯಿದೆಯ ೧೪ನೇ ಕಲಮು, ಧೂಳನ್ನು ಅದು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಹೀರಿ ತೆಗೆಯಬೇಕೆಂದು ಹೇಳಿತ್ತು. ಒಳ್ಳೆಯ ಮಾತೇ. ಆದರೆ ಕರೆಂಟು ಬಳಸುವ ಕಡೆ ೧೦ ಜನರಿದ್ದರೆ ಮಾತ್ರ ಅದು ಕಾರ್ಖಾನೆ. ೨೦೨೦ರ ಸಂಹಿತೆ ಆ ಲೆಕ್ಕವನ್ನು ೨೦ಕ್ಕೆ ಏರಿಸಿತು. ನಾಲ್ಕು ಜನರ ಶೆಡ್ಡು ಅಂದೂ ಹೊರಗೆ, ಇಂದೂ ಹೊರಗೆ. ಇನ್‌ಸ್ಪೆಕ್ಟರ್ ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲವೆಂದು ನಾವೇ ಕೈಹಾಕಿದೆವು.

ಮಾಡಿದ್ದು ಹೀಗೆ. ಗುಜರಿ ಅಂಗಡಿಯಿಂದ ಹಳೆಯದೊಂದು ವ್ಯಾಕ್ಯೂಮ್ ಕ್ಲೀನರ್ ತಂದು ರಿಪೇರಿ ಮಾಡಿಸಿದೆವು. ಅದಕ್ಕೂ ಗರಗಸಕ್ಕೂ ನಡುವೆ ೨೦ ಲೀಟರಿನ ಖಾಲಿ ಪೇಂಟ್ ಡಬ್ಬ. ಡಬ್ಬದ ಮುಚ್ಚಳದಲ್ಲಿ ಎರಡು ತೂತು: ಒಂದು ಅಂಚಿನಲ್ಲಿ, ಒಂದು ನಟ್ಟನಡುವೆ. ಗರಗಸದಿಂದ ಬರುವ ಪೈಪನ್ನು ಅಂಚಿನ ತೂತಿಗೆ ಇಳಿಸಿ, ಒಳಗೆ ಒಂದು ಎಲ್ಬೋ ಹಾಕಿ, ಅದರ ಬಾಯಿ ಡಬ್ಬದ ಗೋಡೆಯನ್ನು ಸವರಿಕೊಂಡು ಹೋಗುವಂತೆ ತಿರುಗಿಸಿದೆವು. ನಡುವಿನ ತೂತಿನಿಂದ ಕ್ಲೀನರಿಗೆ ಪೈಪು. ಗಾಳಿ ಡಬ್ಬದೊಳಗೆ ಗಿರಗಿರನೆ ಸುತ್ತುತ್ತದೆ. ಭಾರದ ಹೊಟ್ಟು ಗೋಡೆಗೆ ತಾಗಿ ಕೆಳಗಿಳಿಯುತ್ತದೆ, ಹಗುರಾದದ್ದು ಮಾತ್ರ ಮುಂದೆ ಹೋಗುತ್ತದೆ. ಕಣದಲ್ಲಿ ರಾಗಿ ತೂರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರಿಂದ ಕ್ಲೀನರಿನ ಫಿಲ್ಟರು ಬೇಗ ಕಟ್ಟಿಕೊಳ್ಳುವುದಿಲ್ಲ, ಎಳೆತ ಕುಗ್ಗುವುದಿಲ್ಲ.

ಮೊದಲ ಸಲ ನಗೆಪಾಟಲಾಯಿತು. ಕ್ಲೀನರಿನ ಸದ್ದು ತಡೆಯಲಾರದೆ ಅದನ್ನು ಹೊರಗಿಟ್ಟು, ಹದಿನೈದು ಅಡಿ ಸಣ್ಣ ಪೈಪನ್ನು ಮೂರು ಕಡೆ ಬಗ್ಗಿಸಿ ತಂದಿದ್ದೆವು. ಗರಗಸದ ಹತ್ತಿರ ಎಳೆತವೇ ಇಲ್ಲ. ಆಮೇಲೆ ಪೈಪಿಗೆ ಮರದ ಚೂರು ಸಿಕ್ಕಿಕೊಂಡಾಗ ತೆಳು ಡಬ್ಬ ಬುಡುಕ್ಕೆಂದು ಒಳಕ್ಕೆ ಮಡಚಿಕೊಂಡಿತು. ಗಟ್ಟಿ ಡಬ್ಬ ತಂದು, ಒಳಗೆ ಪ್ಲೈವುಡ್ಡಿನ ಬಳೆ ಕೂರಿಸಿ, ಪೈಪನ್ನು ಐದಡಿಗೆ ಇಳಿಸಿ, ಸಂದುಗಳಿಗೆಲ್ಲ ಎಂ-ಸೀಲ್ ಮೆತ್ತಿದ ಮೇಲೆ ಸರಿಹೋಯಿತು. ಒಣ ಪುಡಿ ಪ್ಲಾಸ್ಟಿಕ್ ಪೈಪಿನಲ್ಲಿ ಓಡುವಾಗ ಕೈಗೆ ಚುರುಕ್ಕೆಂದು ಕರೆಂಟು ಹೊಡೆಯುತ್ತಿತ್ತು. ತಾಮ್ರದ ತಂತಿ ಸುತ್ತಿ ಅರ್ಥಿಗೆ ಸೇರಿಸಿದ ಮೇಲೆ ಅದೂ ಕಡಿಮೆಯಾಯಿತು.

ಆದರೆ ಡಬ್ಬಕ್ಕಿಂತ ದೊಡ್ಡ ವಿಷಯ ಹೀರುವ ಬಾಯಿ ಎಲ್ಲಿರಬೇಕೆಂಬುದು. ಒಂದು ಮೇಣದಬತ್ತಿ ಹಚ್ಚಿ, ಅರ್ಧ ಮೊಳ ದೂರದಿಂದ ಊದಿ ಆರಿಸಿ. ಆರುತ್ತದೆ. ಈಗ ಅಷ್ಟೇ ದೂರದಿಂದ ಉಸಿರು ಎಳೆದು ಆರಿಸಲು ನೋಡಿ! ಊದಿದ ಗಾಳಿ ಕೊಳವೆಯ ಅಗಲದ ಮೂವತ್ತು ಪಟ್ಟು ದೂರ ಹೋದ ಮೇಲೆ ಎಷ್ಟು ವೇಗ ಕಳೆದುಕೊಳ್ಳುತ್ತದೆಯೋ, ಹೀರುವ ಗಾಳಿ ಕೊಳವೆಯ ಅಗಲದಷ್ಟೇ ದೂರದಲ್ಲಿ ಅಷ್ಟು ಕಳೆದುಕೊಂಡಿರುತ್ತದೆ. ಉಳಿಯುವುದು ಹತ್ತರಲ್ಲಿ ಒಂದು ಪಾಲು. ಒಂದಡಿ ಆಚೆ ದೊಡ್ಡ ಪೈಪು ಇಟ್ಟು ಧೂಳು ಹೋಗುತ್ತಿದೆ ಎಂದುಕೊಳ್ಳುವುದು ಬರೀ ಸಮಾಧಾನ. ಆದ್ದರಿಂದ ಮೇಜಿನ ಮೇಲೆ ಅಲಗಿನಿಂದ ಎರಡು ಬೆರಳು ದೂರದಲ್ಲಿ ಒಂದು ಚಪ್ಪಟೆ ಬಾಯಿ ಇಟ್ಟೆವು. ಗರಗಸ ಕೆಳಮುಖವಾಗಿ ಕೊಯ್ಯುವುದರಿಂದ ಹೆಚ್ಚಿನ ಪುಡಿ ಮೇಜಿನ ಅಡಿಗೇ ಬೀಳುತ್ತದೆ. ಅಲ್ಲಿಗೆ ತೆಳು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಕೆಳಗಿನ ತೋಳು ಆಡುವಷ್ಟು ಸೀಳು ಬಿಟ್ಟು, ವೈ ಆಕಾರದ ಜೋಡಣೆಯಿಂದ ಎರಡನ್ನೂ ಒಂದೇ ಪೈಪಿಗೆ ಸೇರಿಸಿದೆವು. ಊದುಕೊಳವೆಯ ಮೂತಿಯನ್ನು ಹೀರುವ ಬಾಯಿಯ ಕಡೆಗೆ ತಿರುಗಿಸಿದೆವು. ಈಗ ಗೆರೆಯೂ ಕಾಣುತ್ತದೆ, ಮುಖಕ್ಕೂ ಬರುವುದಿಲ್ಲ.

ಇಷ್ಟಕ್ಕೆ ಮುಗಿಯಿತೆಂದು ನಾವು ಹೇಳುವುದಿಲ್ಲ. ನಿಜವಾಗಿ ಕೆಡಿಸುವ ನುಣುಪು ಧೂಳನ್ನು ಡಬ್ಬ ಹಿಡಿಯಲಾರದು. ಸಾದಾ ಬಟ್ಟೆ ಚೀಲದ ಕ್ಲೀನರ್ ಅದನ್ನು ಹಿಂದಿನಿಂದ ಮತ್ತೆ ಕೋಣೆಗೇ ಬಿಡುತ್ತದೆ. ಆಗ ನಾವು ಕಾಸು ಕೊಟ್ಟು ಧೂಳೆಬ್ಬಿಸುವ ಯಂತ್ರ ಮಾಡಿಕೊಂಡಂತೆ. ಹೆಪಾ ಫಿಲ್ಟರು ಹಾಕಬೇಕು, ಇಲ್ಲವೇ ಹೊರಬರುವ ಗಾಳಿಯನ್ನು ಗೋಡೆಯಾಚೆ ಬಿಡಬೇಕು, ನೆರೆಮನೆಯ ಕಿಟಕಿಗಲ್ಲ. ಉಜ್ಜುವ ಕೆಲಸಕ್ಕೆ ಎನ್-೯೫ ಮುಖವಾಡ ಬೇಕೇಬೇಕು. ಸಂಜೆ ಪೊರಕೆಯಿಂದ ಗುಡಿಸುವುದನ್ನೂ, ಕಂಪ್ರೆಸರ್ ಗಾಳಿಯಿಂದ ಅಂಗಿ ಕೊಡವಿಕೊಳ್ಳುವುದನ್ನೂ ಬಿಡಬೇಕು. ಇಡೀ ದಿನ ಹಿಡಿದದ್ದನ್ನು ಐದು ನಿಮಿಷದಲ್ಲಿ ಎಬ್ಬಿಸುವ ಕೆಲಸ ಅದು. ಡಬ್ಬವನ್ನು ದಿನವೂ ಖಾಲಿ ಮಾಡಬೇಕು. ಕಬ್ಬಿಣ ಕೊಯ್ಯುವ ಕಿಡಿ ಅದರ ಹತ್ತಿರ ಸುಳಿಯಬಾರದು.

ಖರ್ಚಿನ ಮಾತಿಗೆ ಬರೋಣ. ಎಲ್ಲ ಸೇರಿ ಬಿದ್ದದ್ದು ಒಬ್ಬ ಬಡಗಿಯ ಐದಾರು ದಿನದ ಕೂಲಿಯಷ್ಟು. ಅದನ್ನು ನಾಲ್ಕೂ ಜನರು ಹಂಚಿಕೊಂಡು ಕೊಟ್ಟೆವು. ಅಲ್ಲಿ ನಾವು ತಪ್ಪಿದೆವೆಂದು ಈಗ ತೋರುತ್ತದೆ. ಅಲಗು ಮುರಿದರೆ ಯಜಮಾನರು ತರಿಸುತ್ತಾರೆ. ಬೆಲ್ಟು ಹರಿದರೆ ಅವರೇ ಹಾಕಿಸುತ್ತಾರೆ. ಅಲಗಿನ ಹಾಗೆ ಇದೂ ಯಂತ್ರದ ಭಾಗವೇ ಹೊರತು ಕೆಲಸಗಾರನ ಶೋಕಿಯಲ್ಲ. ನಮ್ಮ ಯಜಮಾನರು ಕೆಟ್ಟವರಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ, ಆ ಹುಡುಗನ ಆಸ್ಪತ್ರೆ ಬಿಲ್ಲಿನಲ್ಲಿ ಅರ್ಧ ಕೊಟ್ಟರು. ಆ ಅರ್ಧ ಬಿಲ್ಲಿನ ಹಣದಲ್ಲಿ ಇಂಥ ಡಬ್ಬ ಎರಡಾಗುತ್ತಿತ್ತು ಎಂದು ನಾವು ಲೆಕ್ಕ ಹಾಕಿ ತೋರಿಸಿದಾಗ ಅವರು ಸುಮ್ಮನಾದರು.

ಹುಡುಗ ಮತ್ತೆ ಶೆಡ್ಡಿಗೆ ಬರಲಿಲ್ಲ. ಧೂಳಿನ ಕೆಲಸ ಬೇಡವೆಂದು ಡಾಕ್ಟರು ಹೇಳಿದರಂತೆ. ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ಕೈಯಲ್ಲಿ ಒಳ್ಳೆಯ ಕಸುಬಿತ್ತು ಅವನಿಗೆ. ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಬಂದಿದ್ದಾನೆ. ಡಬ್ಬವಿರುವ ಯಂತ್ರದ ಮುಂದೆ ಅವನನ್ನು ಕೂರಿಸಿ, ಮೇಸ್ತ್ರಿಯವರೇ ಎರಡನೆಯದರ ಮುಂದೆ ಕೂತಿದ್ದಾರೆ, ಬಾಯಿಗೆ ಟವೆಲ್ ಕಟ್ಟಿಕೊಂಡು. ಎರಡನೆಯ ಡಬ್ಬದ ಹಣ ದೀಪಾವಳಿ ಕಳೆದ ಮೇಲೆ ಕೊಡುತ್ತೇನೆಂದು ಯಜಮಾನರು ಒಪ್ಪಿದ್ದಾರೆ. ಪೇಂಟ್ ಡಬ್ಬವನ್ನಂತೂ ನಾವು ಈಗಲೇ ತೊಳೆದು ಇಟ್ಟಿದ್ದೇವೆ.