ತೋಟ ಮಾಡಿದವರ ಹೆಸರು

ಮಕ್ಕಳೇ, ಅರಮನೆ ಕಟ್ಟಿಸಿದ ರಾಜ ಯಾರು ಎಂದು ಕೇಳಿದರೆ ನೀವು ತಟ್ಟನೆ ಹೇಳಿಬಿಡುತ್ತೀರಿ. ಕಟ್ಟಿದ ಶಿಲ್ಪಿ ಯಾರು ಎಂದರೆ ತಲೆ ಕೆರೆದುಕೊಳ್ಳುತ್ತೀರಿ. ತೋಟದ ವಿಷಯವಂತೂ ಕೇಳುವುದೇ ಬೇಡ. ಹೂ ಅರಳಿದರೆ ಗಿಡವನ್ನು ಹೊಗಳುತ್ತೇವೆ, ನೆರಳು ಸಿಕ್ಕರೆ ಮರವನ್ನು ಹೊಗಳುತ್ತೇವೆ. ಆ ಮರ ಅಲ್ಲೇ ಇರಬೇಕು, ಆ ಮೆಟ್ಟಿಲು ಹೀಗೇ ತಿರುಗಬೇಕು ಎಂದು ಯಾರೋ ಒಬ್ಬರು ಕೂತು ಯೋಚಿಸಿದ್ದರಲ್ಲ, ಅವರ ಹೆಸರನ್ನು ಯಾರೂ ಕೇಳುವುದಿಲ್ಲ. ಹಾಗೆ ಮುಂದಾಗಿ ಯೋಚಿಸಿ ರೂಪ ಕೊಡುವುದಕ್ಕೇ ವಿನ್ಯಾಸ ಎನ್ನುತ್ತಾರೆ. ಈ ವಾರ ನಾನು ಒಂದು ತೋಟದ ಕಥೆ ಹೇಳುತ್ತೇನೆ. ಅದನ್ನು ಮಾಡಿದ ಮಹಿಳೆಯ ನೆನಪಿಗೆ ಅದೇ ತೋಟದ ಮನೆಯಲ್ಲಿ ವಿದ್ವಾಂಸರು ವಿಚಾರ ಸಂಕಿರಣ ನಡೆಸಿದರು.

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಡಂಬಾರ್ಟನ್ ಓಕ್ಸ್ ಎಂಬ ಹಳೆಯ ಬಂಗಲೆ ಇದೆ. 1920ರಲ್ಲಿ ರಾಬರ್ಟ್ ಬ್ಲಿಸ್ ಮತ್ತು ಮಿಲ್ಡ್ರೆಡ್ ಬ್ಲಿಸ್ ಎಂಬ ದಂಪತಿ ಆ ಮನೆಯನ್ನೂ ಸುತ್ತಲಿನ ಸುಮಾರು 53 ಎಕರೆ ನೆಲವನ್ನೂ ಕೊಂಡರು. ಮನೆ ಇದ್ದದ್ದು ದಿಬ್ಬದ ಮೇಲೆ. ಅಲ್ಲಿಂದ ನೆಲ ಕೆಳಗಿನ ತೊರೆಯವರೆಗೂ ಇಳಿಜಾರು. ಅಲ್ಲಿ ತೋಟ ಮಾಡುವುದು ಸುಲಭದ ಮಾತಲ್ಲ. ಮಿಲ್ಡ್ರೆಡ್ ಕರೆಸಿದ್ದು ಬಿಯಾಟ್ರಿಕ್ಸ್ ಫ್ಯಾರಂಡ್ ಎಂಬ ವಿನ್ಯಾಸಕಿಯನ್ನು.

ಬಿಯಾಟ್ರಿಕ್ಸ್ ಹುಟ್ಟಿದ್ದು 1872ರಲ್ಲಿ, ನ್ಯೂಯಾರ್ಕಿನಲ್ಲಿ. ಇಂದಿನ ಹಾಗೆ ಕಾಲೇಜಿಗೆ ಸೇರಿ ಈ ವಿದ್ಯೆಯಲ್ಲಿ ಪದವಿ ಪಡೆಯುವ ದಾರಿ ಆಕೆಗೆ ಇರಲಿಲ್ಲ. ಬಾಸ್ಟನ್ನಿನ ಅರ್ನಾಲ್ಡ್ ಸಸ್ಯೋದ್ಯಾನದ ನಿರ್ದೇಶಕ ಚಾರ್ಲ್ಸ್ ಸಾರ್ಜೆಂಟ್ ಅವರ ಬಳಿ ಶಿಷ್ಯೆಯಾಗಿ ಗಿಡಮರಗಳನ್ನು ಕಲಿತರು. ನಕ್ಷೆಯನ್ನು ನೆಲಕ್ಕೆ ಹೊಂದಿಸು, ನಕ್ಷೆಗಾಗಿ ನೆಲವನ್ನು ತಿರುಚಬೇಡ ಎಂದು ಗುರುಗಳು ಹೇಳಿದ್ದನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ. 1895ರಲ್ಲಿ ಯೂರೋಪು ಸುತ್ತಿ ಅಲ್ಲಿನ ಹೆಸರಾಂತ ತೋಟಗಳನ್ನು ನೋಡಿ ಬಂದರು. 1899ರಲ್ಲಿ ಅಮೆರಿಕದ ಭೂದೃಶ್ಯ ವಿನ್ಯಾಸಕರ ಸಂಘ ಹುಟ್ಟಿತು. ಅದರ ಸ್ಥಾಪಕರು 11 ಮಂದಿ. ಹತ್ತು ಜನ ಗಂಡಸರು, ಒಬ್ಬರೇ ಹೆಂಗಸು. ಅವರೇ ಬಿಯಾಟ್ರಿಕ್ಸ್. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಡಂಬಾರ್ಟನ್ ಓಕ್ಸ್‌ನಲ್ಲಿ ಅವರು ಗುರುಗಳ ಮಾತನ್ನೇ ನಡೆಸಿದರು. ಇಳಿಜಾರನ್ನು ಮಟ್ಟ ಮಾಡಿಸಲಿಲ್ಲ. ಕಲ್ಲಿನ ಗೋಡೆ ಎಬ್ಬಿಸಿ ಜಗಲಿಯ ಮೇಲೆ ಜಗಲಿಯಂತೆ ಹಂತ ಹಂತವಾಗಿ ತೋಟಗಳನ್ನು ಮಾಡಿದರು. ಮನೆಗೆ ಹತ್ತಿರ ಇರುವ ಹಂತಗಳು ಗೆರೆ ಎಳೆದಷ್ಟು ಅಚ್ಚುಕಟ್ಟು. ಗುಲಾಬಿ ತೋಟ, ಕಾರಂಜಿಯ ಅಂಗಳ ದಾಟಿ ಕೆಳಗೆ ಇಳಿದಂತೆಲ್ಲ ಆ ಬಿಗಿ ಸಡಿಲವಾಗುತ್ತದೆ. ತೊರೆಯ ಹತ್ತಿರ ಬಂದರೆ ಕಾಡಿನಲ್ಲೇ ನಿಂತ ಹಾಗೆ. ಮನೆ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗಬಾರದು.

ಒಂದು ತಮಾಷೆ ಕೇಳಿ. ರಾಬರ್ಟ್ ಬ್ಲಿಸ್ ರಾಜತಾಂತ್ರಿಕ ಅಧಿಕಾರಿ. ಕೆಲಸದ ಮೇಲೆ ಸ್ವೀಡನ್ನಿಗೆ ಹೋದರು, ಆಮೇಲೆ ಅರ್ಜೆಂಟೀನಾಕ್ಕೆ. ಮನೆಯವರು ಸಮುದ್ರದಾಚೆ, ತೋಟ ಇಲ್ಲಿ. ಹಾಗಾಗಿ ಎಷ್ಟೋ ಕೆಲಸ ಕಾಗದದಲ್ಲೇ ನಡೆಯಿತು. ಬಿಯಾಟ್ರಿಕ್ಸ್ ಬರೆಯುವುದು, ಮಿಲ್ಡ್ರೆಡ್ ಉತ್ತರಿಸುವುದು. ಕಲ್ಲಿನಲ್ಲಿ ಕೆತ್ತಿಸುವ ಮೊದಲು ಅದೇ ಅಳತೆಯ ಮಾದರಿ ಮಾಡಿಸಿ, ಇರಬೇಕಾದ ಜಾಗದಲ್ಲೇ ನಿಲ್ಲಿಸಿ ನೋಡುತ್ತಿದ್ದರು. ಕೆತ್ತಿದ ಮೇಲೆ ಕಲ್ಲನ್ನು ತಿದ್ದಲಾಗದಲ್ಲ! ಹೀಗೆ ಎರಡು ದಶಕಕ್ಕೂ ಹೆಚ್ಚು ಕಾಲ ಈ ತೋಟ ಅವರ ಕೈಯಲ್ಲಿತ್ತು.

1940ರಲ್ಲಿ ದಂಪತಿ ಈ ಮನೆಯನ್ನೂ ತೋಟವನ್ನೂ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ತೊರೆಯ ಕಡೆಯ ಭಾಗ ಸಾರ್ವಜನಿಕರ ಉದ್ಯಾನವಾಯಿತು. 1944ರಲ್ಲಿ ಇದೇ ಮನೆಯಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮತ್ತು ಚೀನಾದ ಪ್ರತಿನಿಧಿಗಳು ಮಾತುಕತೆ ನಡೆಸಿ ವಿಶ್ವಸಂಸ್ಥೆಯ ರೂಪುರೇಷೆ ಹಾಕಿದರು. ಡಂಬಾರ್ಟನ್ ಓಕ್ಸ್ ಎಂಬ ಹೆಸರನ್ನು ನಿಮ್ಮ ಇತಿಹಾಸ ಪುಸ್ತಕದಲ್ಲಿ ನೋಡಿದರೆ ಅದು ಈ ಕಾರಣಕ್ಕೆ.

ತೋಟ ದಾನವಾದಾಗ ಬಿಯಾಟ್ರಿಕ್ಸ್‌ಗೆ ಒಂದು ಚಿಂತೆ ಹತ್ತಿತು. ಗೋಡೆ ಕಟ್ಟಿದರೆ ನಿಂತಿರುತ್ತದೆ. ಗಿಡ ಹಾಗಲ್ಲ. ಬೆಳೆಯುತ್ತದೆ, ಹಬ್ಬುತ್ತದೆ, ಮುದಿಯಾಗುತ್ತದೆ, ಸಾಯುತ್ತದೆ. ನಾಳೆ ಒಂದು ಮರ ಬಿದ್ದರೆ ಅಲ್ಲಿ ಏನು ನೆಡಬೇಕು ಎಂದು ಮುಂದಿನವರಿಗೆ ಹೇಗೆ ತಿಳಿಯಬೇಕು? ಅದಕ್ಕಾಗಿ ಅವರು ತೋಟದ ಒಂದೊಂದು ಭಾಗದ ಬಗ್ಗೆಯೂ ಬರೆದಿಟ್ಟರು. ಇಲ್ಲಿ ಈ ಗಿಡ ಏಕಿದೆ, ಎಷ್ಟು ಎತ್ತರ ಬಿಡಬೇಕು, ಸತ್ತರೆ ಬದಲಿಗೆ ಯಾವುದು. ಅಜ್ಜಿ ಸೊಸೆಗೆ ಉಪ್ಪಿನಕಾಯಿಯ ಅಳತೆ ಬರೆದುಕೊಟ್ಟ ಹಾಗೆ! ಅದು 1980ರಲ್ಲಿ ಪುಸ್ತಕವಾಗಿ ಅಚ್ಚಾಯಿತು.

ಅವರ ಸ್ವಂತ ತೋಟದ ಕಥೆ ಬೇರೆಯೇ ಆಯಿತು. ಮೇಯ್ನ್ ರಾಜ್ಯದ ಸಮುದ್ರತೀರದಲ್ಲಿ ರೀಫ್ ಪಾಯಿಂಟ್ ಎಂಬ ಮನೆ ಅವರದು. ಅದನ್ನು ತೋಟದ ವಿದ್ಯೆ ಕಲಿಯುವವರ ಕೇಂದ್ರ ಮಾಡಬೇಕೆಂದು ಪುಸ್ತಕ, ನಕ್ಷೆ, ಒಣಗಿಸಿದ ಸಸ್ಯಗಳ ಮಾದರಿ ಎಲ್ಲವನ್ನೂ ಕೂಡಿಟ್ಟಿದ್ದರು. ಆದರೆ ತಮ್ಮ ನಂತರ ಅದು ಸರಿಯಾಗಿ ಉಳಿಯುತ್ತದೆಂಬ ಖಾತರಿ ಸಿಗಲಿಲ್ಲ. ಎಂಬತ್ತು ದಾಟಿದ ಆ ಹಿರಿಯ ಜೀವ 1955ರಲ್ಲಿ ಗಟ್ಟಿ ಮನಸ್ಸು ಮಾಡಿತು. ಪಾಳು ಬೀಳುವುದಕ್ಕಿಂತ ಹಂಚಿಹೋಗುವುದು ಮೇಲು ಎಂದು ಮನೆಯನ್ನು ಬಿಚ್ಚಿಸಿದರು. ಚಾರ್ಲ್ಸ್ ಸ್ಯಾವೇಜ್ ಎಂಬುವರು ಅಲ್ಲಿನ ಗಿಡಗಳನ್ನು ಪಡೆದು ಹತ್ತಿರದ ಊರಿನಲ್ಲಿ ಎರಡು ತೋಟಗಳಿಗೆ ಹಾಕಿಸಿದರು. ಆಸ್ಟಿಕೂ ಮತ್ತು ಥೂಯಾ ಎಂಬ ಆ ತೋಟಗಳಿಗೆ ಇವತ್ತಿಗೂ ಜನ ಹೋಗುತ್ತಾರೆ.

ಕಾಗದಪತ್ರಗಳನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ನನ್ನ ಮನಸ್ಸಿಗೆ ತುಂಬ ಹಿಡಿಸಿದ ಸಂಗತಿ ಇರುವುದು ಇಲ್ಲಿ. ಆ ಕಟ್ಟಿನಲ್ಲಿ ಅವರ ನಕ್ಷೆಗಳ ಜೊತೆಗೆ ಇನ್ನೊಬ್ಬ ಹೆಂಗಸಿನ ನಕ್ಷೆಗಳೂ ಇದ್ದವು. ಇಂಗ್ಲೆಂಡಿನ ಗರ್ಟ್ರೂಡ್ ಜೀಕಲ್ ಹುಟ್ಟಿದ್ದು 1843ರಲ್ಲಿ. ಚಿತ್ರಕಲೆ, ಕಸೂತಿಗಳಲ್ಲಿ ನುರಿತ ಕೈ. ಕಣ್ಣು ಮಂಜಾಗುತ್ತಾ ಬಂದಾಗ ಸೂಜಿ ಬಿಟ್ಟು ತೋಟಕ್ಕೆ ಇಳಿದರು. ಬಣ್ಣಗಳನ್ನು ಹೂವಿನಲ್ಲೇ ಜೋಡಿಸಿದರು. 1932ರಲ್ಲಿ ಆಕೆ ತೀರಿಕೊಂಡ ಮೇಲೆ ಉಳಿದ ನಕ್ಷೆಗಳನ್ನು ಬಿಯಾಟ್ರಿಕ್ಸ್ ಕೊಂಡು ಜೋಪಾನ ಮಾಡಿದರು. ತನ್ನ ಹೆಸರು ಉಳಿಯುವುದೋ ಇಲ್ಲವೋ ಎಂಬ ಚಿಂತೆಯ ನಡುವೆಯೂ ಮತ್ತೊಬ್ಬರ ಕೆಲಸ ಉಳಿಸಿದರಲ್ಲ, ಅದು ದೊಡ್ಡ ಗುಣ.

1959ರಲ್ಲಿ ಬಿಯಾಟ್ರಿಕ್ಸ್ ತೀರಿಕೊಂಡರು. ಡಂಬಾರ್ಟನ್ ಓಕ್ಸ್ ಅಷ್ಟು ಹೊತ್ತಿಗೆ ತೋಟಗಳ ಇತಿಹಾಸವನ್ನು ಓದುವವರ ತಾಣವಾಗುತ್ತಿತ್ತು. ಅಲ್ಲಿ ನಡೆಯುವ ಸಂಕಿರಣಗಳ ಸಾಲಿನಲ್ಲಿ ಎಂಟನೆಯದನ್ನು ಅವರಿಗೇ ಮೀಸಲಿಟ್ಟರು. ಅವರ ಐವತ್ತು ವರ್ಷಗಳ ದುಡಿಮೆಯೇ ವಿಷಯ. ಅಲ್ಲಿ ಓದಿದ ಪ್ರಬಂಧಗಳು 1982ರಲ್ಲಿ ಪುಸ್ತಕವಾದವು. ಚರ್ಚೆ ಒಳಗೆ, ಸಾಕ್ಷಿ ಹೊರಗೆ. ಬಾಗಿಲು ದಾಟಿದರೆ ಸಾಕು, ಆಕೆ ಹಾಕಿಸಿದ ಮೆಟ್ಟಿಲು, ನೆಡಿಸಿದ ಮರ.

ಅದೇ ತೋಟದಲ್ಲಿ ಬಣ್ಣಬಣ್ಣದ ಬೆಣಚುಕಲ್ಲುಗಳನ್ನು ಜೋಡಿಸಿ ಮಾಡಿದ ಒಂದು ಅಂಗಳವಿದೆ. ಮೊದಲು ಅಲ್ಲಿ ಟೆನಿಸ್ ಆಡುತ್ತಿದ್ದರು. ಅದನ್ನು ರೂಪಿಸಿದವರು ರೂತ್ ಹೇವಿ, ಬಿಯಾಟ್ರಿಕ್ಸ್ ಕೈಕೆಳಗೆ ಕೆಲಸ ಕಲಿತವರು. ಕಲ್ಲಿನಲ್ಲಿ ಮೂಡಿದ ಚಿತ್ರ ಗೋಧಿಯ ಸಿವುಡಿನದು. ಬ್ಲಿಸ್ ಮನೆತನದ ಧ್ಯೇಯವಾಕ್ಯದ ಅರ್ಥ, ಬಿತ್ತಿದ್ದನ್ನೇ ಕೊಯ್ಯುವೆ. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಆಡುವ ಮಾತು!

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಅಜ್ಜ ಅಜ್ಜಿಯರ ಜೊತೆ ಕೂತು ನಿಮ್ಮ ಮನೆಯ ಹಿತ್ತಿಲಿನ ನಕ್ಷೆ ಬರೆಯಿರಿ. ಹಿತ್ತಿಲು ಇಲ್ಲದಿದ್ದರೆ ಕುಂಡಗಳದಾದರೂ ಸರಿ, ಅಜ್ಜಿ ಹುಟ್ಟಿ ಬೆಳೆದ ಮನೆಯದಾದರೂ ಸರಿ. ಕರಿಬೇವು, ತುಳಸಿಕಟ್ಟೆ, ತೆಂಗು, ಪಾತ್ರೆ ತೊಳೆದ ನೀರು ಹರಿಯುವ ಬಾಳೆಯ ಬುಡ, ಯಾವುದನ್ನೂ ಬಿಡಬೇಡಿ. ಒಂದೊಂದರ ಪಕ್ಕದಲ್ಲೂ ನೆಟ್ಟವರು ಯಾರು, ಅಲ್ಲೇ ಏಕೆ ನೆಟ್ಟರು ಎಂದು ಬರೆಯಿರಿ. ಹಿರಿಯರೇ, ನೀವೂ "ಅಯ್ಯೋ, ಅದರಲ್ಲೇನಿದೆ" ಎಂದು ತಳ್ಳಿಹಾಕಬೇಡಿ. ನಿಮಗೆ ಮಾತ್ರ ಗೊತ್ತಿರುವುದು ಅದರಲ್ಲಿದೆ. ಕೊನೆಗೆ ತಾರೀಖು ಹಾಕಿ ಮಡಿಸಿ, ಜೋಪಾನವಾಗಿ ಇಡಿ.