ಸಲಹೆ ಮೊದಲು, ಕಮಿಷನ್ ಆಮೇಲೆ



ಸೊಲ್ಲಾಪುರ, ಅಕ್ಕಲಕೋಟಗಳ ನಮ್ಮ ಕೂಟಗಳಲ್ಲಿ ಈಚೆಗೆ ಒಂದು ಮಾತು ಕೇಳಿಬರುತ್ತಿದೆ. ಸದಸ್ಯರಿಗೆ ಮೊಬೈಲಿನಲ್ಲಿ ಕಳುಹಿಸುವ ತಿಳುವಳಿಕೆಗಳ ಜೊತೆಗೆ ಕಮಿಷನ್ ಲಿಂಕುಗಳನ್ನು ಸೇರಿಸೋಣ, ಬಂದ ಹಣವನ್ನು ಸಹಾಯನಿಧಿಗೆ ಹಾಕೋಣ ಎಂಬುದೇ ಆ ಮಾತು. ಹೇಳುವವರ ಮನಸ್ಸು ಒಳ್ಳೆಯದೇ. ನಿಧಿ ಬರಿದಾಗಿರುವುದೂ ನಿಜವೇ. ಆದರೂ ಯಾವಾಗ ಸೇರಿಸಬಹುದು, ಯಾವಾಗ ಕೂಡದು ಎಂದು ನಿಶ್ಚಯಿಸದೆ ಈ ದಾರಿ ಹಿಡಿಯುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ.

ಲಿಂಕು ಕೆಲಸ ಮಾಡುವ ಬಗೆ ಸರಳ. ಕಳುಹಿಸಿದವರ ಗುರುತು ಅದರಲ್ಲಿ ಅಡಗಿರುತ್ತದೆ. ಅದನ್ನು ಒತ್ತಿ ಯಾರಾದರೂ ವಸ್ತು ಕೊಂಡರೆ ಅಂಗಡಿಯವರು ಬೆಲೆಯಲ್ಲಿ ಒಂದು ಪಾಲನ್ನು ಕಳುಹಿಸಿದವರಿಗೆ ಕೊಡುತ್ತಾರೆ. ಅಮೆಜಾನ್ ಕಂಪನಿ ಇಂಥ ಯೋಜನೆಯನ್ನು 1996ರಲ್ಲೇ ಆರಂಭಿಸಿತು. ಹೆಸರು ಹೊಸದು, ಕೆಲಸ ಮಾತ್ರ ಹಳೆಯ ದಲಾಲಿ.

"ಕೊಳ್ಳುವವನಿಗೆ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ, ನಷ್ಟವೇನು?" ಎಂದು ಕೇಳುವವರಿದ್ದಾರೆ. ನಷ್ಟವಾಗುವುದು ಆಯ್ಕೆಯಲ್ಲಿ. ಸೊಲ್ಲಾಪುರದ ಚಾದರವನ್ನೇ ನೋಡಿರಿ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆದರೂ ಬೇರೆ ಊರಲ್ಲಿ ನೇಯ್ದ ಅಗ್ಗದ ಚಾದರ ಅದೇ ಹೆಸರು ಹೊತ್ತು ಮಾರಾಟವಾಗುವುದುಂಟು. ಮಗ್ಗದ ಮನೆಯವರು ತಮ್ಮ ಬಾಗಿಲಲ್ಲೇ ಮಾರುವ ಚಾದರಕ್ಕೆ ಲಿಂಕೂ ಇಲ್ಲ, ಕಮಿಷನ್ನೂ ಇಲ್ಲ. ಹಣ ತರುವ ಲಿಂಕನ್ನೇ ಕಳುಹಿಸುವ ಚಾಳಿ ಬಿದ್ದರೆ, ನೇಕಾರನ ಸಂಘವೇ ನೇಕಾರನ ಗಿರಾಕಿಯನ್ನು ಬೇರೆಡೆಗೆ ಅಟ್ಟಿದಂತಾಗುತ್ತದೆ. ಇದು ಯಾವ ಸೇವೆ?

ಗಿರಣಿ ಕಾರ್ಮಿಕರ ಚರಿತ್ರೆಯನ್ನು ನೆನೆಯಿರಿ. ಜಾಬರನ ಕೈ ಬಿಸಿ ಮಾಡದೆ ಕೆಲಸ ಸಿಗುವುದು ಕಷ್ಟವಾಗಿತ್ತು. 1931ರಲ್ಲಿ ವಿಟ್ಲೀ ಆಯೋಗವು ಈ ಲಂಚವನ್ನು ಎತ್ತಿ ತೋರಿಸಿ, ಕೆಲಸಕ್ಕೆ ಸೇರಿಸುವ, ತೆಗೆಯುವ ಅಧಿಕಾರ ಜಾಬರನ ಕೈಯಲ್ಲಿರಬಾರದೆಂದು ಸೂಚಿಸಿತು. ಜಾಬರನು ಹೊರಗಿನವನಾಗಿರಲಿಲ್ಲ, ಕಾರ್ಮಿಕರ ನಡುವಿನಿಂದಲೇ ಮೇಲೆ ಬಂದವನು. ತನ್ನವರು ಇಟ್ಟ ನಂಬಿಕೆಯನ್ನೇ ಅವನು ಮಾರಿಕೊಂಡನು. ಸಂಘದವರು ಗುಟ್ಟಾಗಿ ಕಮಿಷನ್ ತಿಂದರೆ ಅವನಿಗೂ ನಮಗೂ ಏನು ಭೇದ?

ಅಡತಿಯಲ್ಲಿ ಕೂಡ ಒಂದು ಮರ್ಯಾದೆಯಿದೆ. ಅಕ್ಕಲಕೋಟದ ರೈತನು ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ತಂದರೆ ಹಮಾಲಿ ಇಷ್ಟು, ತೂಕದ ಖರ್ಚು ಇಷ್ಟು, ಅಡತಿ ಇಷ್ಟು ಎಂದು ಪಟ್ಟಿಯಲ್ಲಿ ಬರೆದಿರುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದರಿಂದ ಅದರ ವಿರುದ್ಧ ಕೂಗು ಎದ್ದಿತು. 2016ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರವು ಹಣ್ಣು, ಕಾಯಿಪಲ್ಲೆಗಳ ಅಡತಿಯನ್ನು ರೈತನ ಹೆಗಲಿನಿಂದ ತೆಗೆದು ಖರೀದಿದಾರನ ಮೇಲೆ ಹೊರಿಸಿತು. ಕಾಣದ ಕಮಿಷನ್ನನ್ನು ಯಾರು ಪ್ರಶ್ನಿಸಬಲ್ಲರು?

ಕಾನೂನೂ ಇದನ್ನೇ ಹೇಳುತ್ತದೆ. ಜನರ ಮೇಲೆ ಪ್ರಭಾವವುಳ್ಳವರು ಹಣ ಇಲ್ಲವೇ ಉಡುಗೊರೆ ಪಡೆದು ವಸ್ತುವನ್ನು ಹೊಗಳಿದರೆ ಅದನ್ನು ಸರಳ ಭಾಷೆಯಲ್ಲಿ, ಎದ್ದು ಕಾಣುವಂತೆ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅಮೆಜಾನ್ ಕರಾರಿನಲ್ಲೂ ಹಾಗೆ ತಿಳಿಸಬೇಕೆಂಬ ಷರತ್ತಿದೆ. ವ್ಯಾಪಾರದ ಕಂಪನಿ ಕೇಳುವಷ್ಟು ಪ್ರಾಮಾಣಿಕತೆಯಾದರೂ ಕ್ರಿಸ್ತನ ಹೆಸರು ಹೊತ್ತ ನಮಗೆ ಬೇಡವೇ?

ಹಾಗಾದರೆ ಕಮಿಷನ್ನೇ ಪಾಪವೆಂದು ನಾನು ಹೇಳುವುದಿಲ್ಲ. ಸುಂಕದವರು ಬಂದು ಕೇಳಿದಾಗ ಸ್ನಾನಿಕ ಯೋಹಾನನು ಆ ಉದ್ಯೋಗವನ್ನೇ ಬಿಡಿರೆನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡದಂತೆ ಎಲ್ಲೆ ಹಾಕಿದನು. ನಾವೂ ಎಲ್ಲೆ ಹಾಕಿಕೊಳ್ಳೋಣ.

1. ಕಮಿಷನ್ ಇಲ್ಲದಿದ್ದರೂ ಇದೇ ವಸ್ತುವನ್ನು ಕೊಳ್ಳಿರೆಂದು ಹೇಳುತ್ತಿದ್ದೆವೇ? ಮೊದಲು ಸಲಹೆ ಬರೆದು, ಕೂಟದಲ್ಲಿ ಓದಿ ಒಪ್ಪಿಗೆ ಪಡೆಯಬೇಕು. ಲಿಂಕು ಹುಡುಕುವುದು ಆಮೇಲೆ.

2. "ಇಲ್ಲಿಂದ ಕೊಂಡರೆ ಸಂಘಕ್ಕೆ ಕಮಿಷನ್ ಬರುತ್ತದೆ" ಎಂಬ ಮಾತು ಲಿಂಕಿನ ಮೇಲುಗಡೆಯೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರಬೇಕು.

3. ಅದೇ ವಸ್ತು ಊರಲ್ಲೇ ಸಿಗುವುದಾದರೆ ಆ ಮಗ್ಗದ, ಆ ಅಂಗಡಿಯ ವಿಳಾಸ ಮೊದಲು ಬರಬೇಕು.

4. ಸಾಲ, ವಿಮೆ, ಔಷಧಿ, ಉದ್ಯೋಗ ಇವುಗಳಿಗೆ ಕಮಿಷನ್ ಲಿಂಕು ಎಂದೆಂದಿಗೂ ಕೂಡದು. ಬೀಡಿ ಕಟ್ಟುವ ತಾಯಿ ಸಂಘದ ಮಾತು ನಂಬಿ ಸಾಲದ ಗುಂಡಿಗೆ ಬಿದ್ದರೆ ನಮ್ಮ ಯಾವ ಸಹಾಯನಿಧಿ ಅವಳನ್ನು ಮೇಲೆತ್ತೀತು?

5. ಬಂದ ಹಣ ಯಾರೊಬ್ಬರ ಸ್ವಂತ ಖಾತೆಗೂ ಹೋಗದೆ ನಿಧಿಗೇ ಸೇರಬೇಕು. ತಿಂಗಳಿಗೊಮ್ಮೆ ಲೆಕ್ಕವನ್ನು ಕೂಟದ ಮುಂದೆ ಓದಬೇಕು.

ಈ ಐದರಲ್ಲಿ ಒಂದು ತಪ್ಪಿದರೂ ಲಿಂಕು ಬೇಡ. ನಿಧಿಗೆ ಹಣ ಕಡಿಮೆ ಬಿದ್ದರೆ ಮನೆ ಮನೆಗೆ ಹೋಗಿ ವರ್ಗಣಿ ಎತ್ತೋಣ, ಅದರಲ್ಲಿ ನಾಚಿಕೆಯಿಲ್ಲ. ಮುಂದಿನ ಕೂಟದಲ್ಲಿ ಈ ಐದು ಮಾತುಗಳನ್ನು ಠರಾವಾಗಿ ಮಂಡಿಸಿ ಚರ್ಚಿಸಬೇಕೆಂದು ಎಲ್ಲ ಘಟಕಗಳನ್ನೂ ಕೇಳಿಕೊಳ್ಳುತ್ತೇನೆ.