‘ಐತಿ’ ಎಂದರೆ ತಪ್ಪೆ?

ಪಾರ್ಶ್ವವಾಯು ಬಡಿದಾಗ ಮನೆಯವರಿಗೆ ಕೈಕಾಲಿನ ಚಿಂತೆ ಮೊದಲು, ಮಾತಿನ ಚಿಂತೆ ಆಮೇಲೆ. ಮಿದುಳಿನ ಹಾನಿಯಿಂದ ಭಾಷೆಯೇ ಕೆಡುವ ಸ್ಥಿತಿಗೆ ಅಫೇಸಿಯಾ ಎಂದು ಹೆಸರು. ಹಾನಿಯ ಜಾಗವನ್ನು 1861ರಲ್ಲಿ ಪಾಲ್ ಬ್ರೋಕಾ ತೋರಿಸಿಕೊಟ್ಟರು. ಆದರೆ ಕೆಟ್ಟದ್ದು ಭಾಷೆಯ ಯಾವ ಭಾಗ ಎಂಬ ಪ್ರಶ್ನೆಗೆ ಭಾಷಾವಿಜ್ಞಾನವೇ ಬೇಕು. ಕಾವ್ಯಮೀಮಾಂಸೆಯ ಪಾಠದಲ್ಲಿ ಪರಿಚಿತರಾದ ರೋಮನ್ ಯಾಕಬ್‌ಸನ್ 1956ರಲ್ಲಿ ಇದನ್ನೇ ಚರ್ಚಿಸಿದ್ದಾರೆ: ಕೆಲವರಲ್ಲಿ ಪದಗಳನ್ನು ಆಯುವ ಶಕ್ತಿ ಕುಂದುತ್ತದೆ, ಕೆಲವರಲ್ಲಿ ಜೋಡಿಸುವ ಶಕ್ತಿ. ಮೊದಲನೆಯವರಿಗೆ ‘ಕುಡುಗೋಲು’ ಎಂಬ ಹೆಸರು ಹೊಳೆಯದಿದ್ದರೂ ‘ಜ್ವಾಳ ಕೊಯ್ಯೂದು’ ಎನ್ನಬಲ್ಲರು. ಚಿಕಿತ್ಸಕರು ಆ ವಿವರಣೆಯನ್ನೇ ಹಿಡಿದು ಅವರನ್ನು ಹೆಸರಿನತ್ತ ನಡೆಸಬಹುದು. ಎರಡನೆಯವರಲ್ಲಿ ಪ್ರತ್ಯಯಗಳು ಹದಗೆಡುತ್ತವೆ.

ಕನ್ನಡಕ್ಕೆ ಇಂಥ ಸಾಧನಗಳಿಲ್ಲವೆಂದಲ್ಲ. ಧ್ವನಿ, ವಾಕ್ಯ, ಅರ್ಥಗಳನ್ನು ಬೇರೆಬೇರೆಯಾಗಿ ಅಳೆಯುವ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ಅನ್ನು ಪ್ರತಿಭಾ ಕಾರಂತರು 1980ರಲ್ಲೇ ರೂಪಿಸಿದರು. ಆದರೆ ಸೊಲ್ಲಾಪುರ ಜಿಲ್ಲೆಯ ಹೋಟಗಿ, ಅಕ್ಕಲಕೋಟೆಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಅಲ್ಲಿನ ರೋಗಿಯನ್ನು ಯಾವ ಕನ್ನಡದಿಂದ ಅಳೆಯಬೇಕು?

1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಸಾಂಗಲಿ ಜಿಲ್ಲೆಯ ಕುಪವಾಡದ ಕುರಿತು ಬರೆದ ಲೇಖನ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಪರಸ್ಪರ ಹತ್ತಿರವಾಗಿದೆ. ಗ್ರಂಥಸ್ಥ ಕನ್ನಡದ ‘ಇದು ನಮ್ಮ ಮನೆ’ ಅಲ್ಲಿ ‘ಇದು ನಮ್ಮ ಮನಿ ಐತಿ’ ಆಗುತ್ತದೆ. ಗಡಿಯ ರೋಗಿಯೊಬ್ಬರು ಹೀಗೆಂದರೆ ಆ ‘ಐತಿ’ ರೋಗಲಕ್ಷಣವಲ್ಲ. ‘ನಾ ಹೊಲಕ್ಕ ಹೋಗ್ತಾನ’ ಎಂದರೆ ಮಾತ್ರ ಗಮನಿಸಬೇಕು. ‘ಹೋಗ್ತೀನಿ’ ಎನ್ನಬೇಕಾದಲ್ಲಿ ಪುರುಷಪ್ರತ್ಯಯ ತಪ್ಪಿದೆ. ಇವೆರಡನ್ನು ಬೇರ್ಪಡಿಸುವುದಕ್ಕೆ ಯಂತ್ರ ಬೇಡ, ಉಪಭಾಷೆಯ ತಿಳಿವಳಿಕೆ ಬೇಕು.

ಮರಾಠಿಯೊಂದರಲ್ಲೇ ಪರೀಕ್ಷಿಸಿದರೂ ನಿರ್ಣಯ ತಪ್ಪಬಹುದು. ಮೊದಲು ಕಲಿತ ಭಾಷೆ ಬೇಗ ಮರಳುತ್ತದೆ ಎಂದರು ರಿಬೊ. ಹೆಚ್ಚು ಬಳಸಿದ್ದು ಎಂದರು ಪಿತ್ರೆ. ಎರಡೂ ಎಲ್ಲರಿಗೂ ಒಪ್ಪುವುದಿಲ್ಲ. ಆದ್ದರಿಂದಲೇ ಮಿಶೆಲ್ ಪಾರಡಿ ದ್ವಿಭಾಷಿಕರ ಪ್ರತಿಯೊಂದು ಭಾಷೆಯನ್ನೂ ಪರೀಕ್ಷಿಸುವ ಕ್ರಮವನ್ನು ರೂಪಿಸಿದರು.

ಇಷ್ಟಾದರೂ ಕನ್ನಡ ವಿಭಾಗಗಳು ಉಪಭಾಷೆಯನ್ನು ಪರೀಕ್ಷೆಯ ಐದು ಅಂಕದ ಟಿಪ್ಪಣಿಗೆ ಮೀಸಲಿಟ್ಟು ಕೂತಿರುವುದು ವಿಷಾದಕರ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಹೋಟಗಿಯ ಆರೋಗ್ಯವಂತ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಪ್ರತ್ಯಯ, ಕ್ರಿಯಾರೂಪಗಳ ಪಟ್ಟಿ ಮಾಡಿದರೆ ಚಿಕಿತ್ಸಕರಿಗೆ ಹೋಲಿಕೆಯ ಆಧಾರ ಸಿಗುತ್ತದೆ. ಯಾವ ಮಾಧ್ಯಮದಲ್ಲಿ ಓದಿದವರು ಎಂಬುದನ್ನೂ ಅದರಲ್ಲಿ ಬರೆದಿಡಬೇಕು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಕಲಿತವರ ಮುಂದೆ ಕನ್ನಡ ಅಕ್ಷರಗಳನ್ನಿಟ್ಟರೆ, ಎಂದೂ ಇಲ್ಲದಿದ್ದ ಓದು ನಷ್ಟವಾಗಿದೆಯೆಂದು ದಾಖಲಾದೀತು.